ತೂಕದ ಯಂತ್ರದ ಅಂಕಿಗುಂಡಿಗಳು

ಉಡುಪಿ, ಕಾಪು, ಕಾರ್ಕಳ ತಾಲೂಕುಗಳ ಹಾಲಿನ ಸಂಘಗಳಲ್ಲಿಯೂ ಅಡಕೆಯ ಅಂಗಡಿಗಳಲ್ಲಿಯೂ ಈಗ ವಿದ್ಯುನ್ಮಾನ ತೂಕದ ಯಂತ್ರಗಳು ಬಳಕೆಯಲ್ಲಿವೆ. ಹಾಲು ತಂದವರ ಸದಸ್ಯಸಂಖ್ಯೆಯನ್ನಾಗಲಿ ಅಡಕೆಯ ದರವನ್ನಾಗಲಿ ಗುಂಡಿಗಳನ್ನೊತ್ತಿ ತಿಳಿಸುವುದು ವಾಡಿಕೆ. 3 ಒತ್ತಿದಲ್ಲಿ 2 ಬಿದ್ದರೆ ಒಬ್ಬರ ಹಾಲು ಇನ್ನೊಬ್ಬರ ಲೆಕ್ಕಕ್ಕೆ ಸೇರುವುದರಿಂದ, ಆ ಗುಂಡಿಗಳ ಕ್ರಮವನ್ನು ಊರಿನ ಮುಖ್ಯಸ್ಥರು ತಿಳಿದಿರುವುದು ಲೇಸು.

ಯಂತ್ರದೊಳಗೆ ಮೈಕ್ರೊಕಂಟ್ರೋಲರ್ ಎಂಬ ಚಿಕ್ಕ ಗಣಕವಿರುವುದು. 1980ರಲ್ಲಿ ಇಂಟೆಲ್ ಕಂಪೆನಿಯವರು ಹೊರತಂದ 8051 ಎಂಬ ಹೆಸರುವಾಸಿ ಜಾತಿಯದಕ್ಕೆ ಸಂಕೇತಗಳನ್ನು ಕೊಟ್ಟು ತೆಗೆದುಕೊಳ್ಳುವ ಕಾಲುಗಳು 32 ಮಾತ್ರ. ತೂಕವನ್ನರಿಯುವುದೂ ಅಂಕಿಗಳನ್ನು ಬೆಳಗಿಸುವುದೂ ಅವುಗಳಿಂದಲೇ ಆಗತಕ್ಕದ್ದು. 16 ಗುಂಡಿಗಳಿಗೆ 16 ಕಾಲುಗಳನ್ನು ಕೊಡುವುದು ದುಂದು. ಆದುದರಿಂದ ಗುಂಡಿಗಳನ್ನು ಅಡಕೆಯ ತೋಟದ ಮರಗಳಂತೆ 4 ಅಡ್ಡಸಾಲು, 4 ಉದ್ದಸಾಲುಗಳಲ್ಲಿರಿಸಿ, ಸಾಲಿಗೊಂದರಂತೆ 8 ತಂತಿಗಳನ್ನೆಳೆಯುವರು. ಅಡ್ಡತಂತಿಯೂ ಉದ್ದತಂತಿಯೂ ಗುಂಡಿಯನ್ನೊತ್ತಿದಾಗ ಆ ಸ್ಥಾನದಲ್ಲಿ ಮಾತ್ರ ಒಂದನ್ನೊಂದು ತಾಗುವುವು.

ಯಂತ್ರವು ಉದ್ದತಂತಿಗಳು ನಾಲ್ಕನ್ನೂ ಸ್ವಲ್ಪ ವಿದ್ಯುತ್ತಿನ ಒತ್ತಡದಲ್ಲಿ ನಿಲ್ಲಿಸಿರುವುದು. ಬಳಿಕ ಅಡ್ಡತಂತಿಗಳಲ್ಲಿ ಒಂದನ್ನು ಮಾತ್ರ ಸೊನ್ನೆಗಿಳಿಸಿ, ಉದ್ದತಂತಿಗಳನ್ನು ಎಡದಿಂದ ಒಂದೊಂದಾಗಿ ನೋಡುವುದು. ಯಾವುದರ ಒತ್ತಡ ಇಳಿದಿದೆಯೋ ಅದೂ ಈ ಅಡ್ಡಸಾಲೂ ಕೂಡುವಲ್ಲಿ ಬೆರಳಿದೆ ಎಂದು ಅರ್ಥ. ಒಂದೂ ಇಳಿಯದಿದ್ದರೆ ಮುಂದಿನ ಸಾಲು. ಈ ಸುತ್ತು ಸೆಕೆಂಡಿಗೆ ಹಲವಾರು ಸಲ ನಡೆಯುವುದರಿಂದ ಬೆರಳು ಎಷ್ಟೇ ಚುರುಕಾದರೂ ತಪ್ಪಿಸಿಕೊಳ್ಳಲಾರದು. ಒತ್ತಿದೊಡನೆ ಗುಂಡಿಯ ತುದಿಗಳು ಕ್ಷಣಕಾಲ ಅದುರಿ ಕೂಡಿ ಬಿಡುವುದುಂಟು. ಆದುದರಿಂದ ಯಂತ್ರವು 10ರಿಂದ 20 ಮಿಲಿಸೆಕೆಂಡು ತಾಳಿ, ಮತ್ತೊಮ್ಮೆ ನೋಡಿಯೇ ಅಂಕಿಯನ್ನು ಒಪ್ಪುವುದು. ಇಲ್ಲವಾದರೆ 5 ಎಂಬುದು 55 ಆದೀತು.

ಈ ಏರ್ಪಾಡನ್ನರಿತವರಿಗೆ ದೋಷವನ್ನು ಹುಡುಕುವುದು ಕಷ್ಟವಲ್ಲ. ಒಂದೇ ಗುಂಡಿ ಕೆಲಸಮಾಡದಿದ್ದರೆ ಅದು ಸವೆದಿರಬೇಕು. 1, 2, 3 ಇರುವ ಸಾಲೆಲ್ಲ ಒಮ್ಮೆಲೇ ನಿಂತರೆ ಗುಂಡಿಗಳನ್ನು ದೂರಿ ಫಲವಿಲ್ಲ. ಬಹುಮಟ್ಟಿಗೆ ಆ ಸಾಲಿನ ತಂತಿ ಕಡಿದಿರುವುದು. ಕರಾವಳಿಯ ಮಳೆಗಾಲದಲ್ಲಿ ಹೆಚ್ಚು ಅಂಜತಕ್ಕದ್ದು ಇನ್ನೊಂದು ಬಗೆಗೆ. ಒದ್ದೆಗೈಯಿಂದಲೋ ಹಾಲು ಚೆಲ್ಲಿಯೋ ತೇವವು ಒಳಸೇರಿ ನೆರೆಯ ಎರಡು ಉದ್ದತಂತಿಗಳು ಕೂಡಿಹೋದರೆ, 3 ಒತ್ತಿದಾಗ 2ರ ತಂತಿಯೂ ಜೊತೆಗೆ ಇಳಿಯುವುದು. ಎಡದಿಂದ ನೋಡುವ ಯಂತ್ರವು ಮೊದಲು ಕಂಡ 2ನ್ನೇ ಬರೆದುಕೊಂಡೀತು. ಗುಂಡಿ ಸತ್ತರೆ ಎಲ್ಲರಿಗೂ ತಿಳಿಯುವುದು, ಇದು ಯಾರಿಗೂ ತಿಳಿಯದು.

ಬೆಳಿಗ್ಗೆ ಹಾಲು ಅಳೆಯುವ ಮೊದಲು 0ಯಿಂದ 9ರ ವರೆಗೆ ಒಂದೊಂದನ್ನೇ ಒತ್ತಿ ತೆರೆಯ ಮೇಲೆ ನೋಡಿಕೊಳ್ಳಲು ಅರೆನಿಮಿಷ ಸಾಕು. ದೋಷ ಕಂಡಲ್ಲಿ ಯಂತ್ರವನ್ನು ತಾವಾಗಿ ಬಿಚ್ಚತಕ್ಕದ್ದಲ್ಲ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಒಡೆದ ಯಂತ್ರದಲ್ಲಿ, ಪುನಃ ಪರಿಶೀಲನೆಯಾಗಿ ಮುದ್ರೆ ಬೀಳುವ ವರೆಗೆ, ವ್ಯಾಪಾರಕ್ಕಾಗಿ ತೂಗುವಂತಿಲ್ಲ.