ತಾನಾಗಿಯೇ ಎಚ್ಚರಗೊಳ್ಳುವ ಕಂಪ್ಯೂಟರ್

ಬೇಸಗೆಯ ಕೊನೆಯ ದಿನಗಳಲ್ಲಿ ಹೊಳೆನರಸೀಪುರದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಸಂಜೆ ಗುಡುಗು ಮಿಂಚುಗಳೊಡನೆ ಮಳೆ ಸುರಿದು ವಿದ್ಯುತ್ತು ನಿಂತುಹೋಗಿದೆ. ಮನೆಯವರೆಲ್ಲ ಮಲಗಿದ್ದಾರೆ. ನಡುರಾತ್ರಿಯಲ್ಲಿ ವಿದ್ಯುತ್ತು ಮರಳಿದೊಡನೆ, ಮಧ್ಯಾಹ್ನವೇ ಆರಿಸಿಟ್ಟಿದ್ದ ಕಂಪ್ಯೂಟರಿನ ಫ್ಯಾನು ಮೊರೆಯತೊಡಗುತ್ತದೆ; ಪರದೆ ಬೆಳಗುತ್ತದೆ. ಗುಂಡಿಯನ್ನು ಒತ್ತಿದವರು ಯಾರೂ ಇಲ್ಲ! ಇದು ವೈರಸ್ಸಿನ ಕಾಟವೆಂದು ಒಬ್ಬರೆಂದರೆ, ಮದರ್‌ಬೋರ್ಡನ್ನೇ ಬದಲಾಯಿಸಬೇಕೆಂದು ಇನ್ನೊಬ್ಬರು ಹೇಳುತ್ತಾರೆ. ಹಣವನ್ನು ವ್ಯಯ ಮಾಡುವ ಮುನ್ನ ನಾವು ಕಾರಣವನ್ನು ವಿಚಾರಿಸಿ ನೋಡೋಣ.

ಆರಿದರೂ ಆರದ ಯಂತ್ರ

ಹಿಂದಿನ ಕಂಪ್ಯೂಟರುಗಳಲ್ಲಿ ಸ್ವಿಚ್ಚು ಗೋಡೆಯ ದೀಪದ ಸ್ವಿಚ್ಚಿನಂತೆಯೇ ಇತ್ತು. ಆರಿಸಿದರೆ ವಿದ್ಯುತ್ತಿನ ದಾರಿಯೇ ಕಡಿದುಹೋಗುತ್ತಿತ್ತು. 1995ರಲ್ಲಿ ಇಂಟೆಲ್ ಸಂಸ್ಥೆಯು ‘ಎಟಿಎಕ್ಸ್’ ಎಂಬ ಹೊಸ ವಿನ್ಯಾಸವನ್ನು ಪ್ರಕಟಿಸಿತು. ಅಂದಿನಿಂದ ಮೇಜಿನ ಕಂಪ್ಯೂಟರುಗಳ ಗುಂಡಿಯು ವಿದ್ಯುತ್ತನ್ನು ತಡೆಯುವ ಬಾಗಿಲಾಗಿ ಉಳಿಯದೆ, ಕರೆಗಂಟೆಯ ಗುಂಡಿಯಂತಾಯಿತು. ಅದು ಮದರ್‌ಬೋರ್ಡಿಗೆ ಸೂಚನೆಯನ್ನಷ್ಟೇ ಕೊಡುತ್ತದೆ.

ಆ ಸೂಚನೆಯನ್ನು ಕೇಳಲು ಯಾರಾದರೂ ಎಚ್ಚರವಿರಬೇಕಷ್ಟೆ? ಅದಕ್ಕಾಗಿ ಯಂತ್ರವು ಆರಿದ್ದಾಗಲೂ, ಗೋಡೆಯ ಪ್ಲಗ್ಗಿನಿಂದ ವಿದ್ಯುತ್ತು ಬರುತ್ತಿರುವವರೆಗೆ, 5 ವೋಲ್ಟಿನ ಒಂದು ಸಣ್ಣ ಪ್ರವಾಹವು ಮದರ್‌ಬೋರ್ಡಿಗೆ ಹರಿಯುತ್ತಲೇ ಇರುತ್ತದೆ. ಮನೆಯೆಲ್ಲ ಮಲಗಿದರೂ ಕಾವಲುಗಾರನೊಬ್ಬನು ಬಾಗಿಲಲ್ಲಿ ಕುಳಿತಿರುವಂತೆ ಇದು. ಆಜ್ಞೆ ಬಂದೊಡನೆ ಮದರ್‌ಬೋರ್ಡು ಒಂದು ತಂತಿಯ ವೋಲ್ಟೇಜನ್ನು ಸೊನ್ನೆಗೆ ಇಳಿಸುತ್ತದೆ. ಆಗ ಪವರ್ ಸಪ್ಲೈ 12, 5 ಮತ್ತು 3.3 ವೋಲ್ಟುಗಳ ಮುಖ್ಯ ಪ್ರವಾಹಗಳನ್ನು ಹರಿಯಬಿಡುತ್ತದೆ.

ಇದಕ್ಕೆ ಸಮನಾದ ಏರ್ಪಾಡೊಂದು ನಮ್ಮ ಹಾಸನಕ್ಕೆ ಚೆನ್ನಾಗಿ ಪರಿಚಿತವಾದುದು. 1982ರಲ್ಲಿ ಇಲ್ಲಿ ಸ್ಥಾಪಿತವಾದ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವು ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುವ ಭೂಸ್ಥಿರ ಉಪಗ್ರಹಗಳಿಗೆ ಆಜ್ಞೆಗಳನ್ನು ಕಳುಹಿಸುತ್ತದೆ. ಉಪಗ್ರಹದ ಬೇರೆ ಉಪಕರಣಗಳನ್ನು ಆರಿಸಬಹುದು. ಆದರೆ ಆಜ್ಞೆಯನ್ನು ಕೇಳುವ ಗ್ರಾಹಕವನ್ನು ಆರಿಸುವಂತಿಲ್ಲ. ಅದು ಮಲಗಿದರೆ ಮತ್ತೆ ಎಬ್ಬಿಸುವವರು ಯಾರು?

ಆಜ್ಞೆ ಕೊಟ್ಟವರಾರು?

ಆದ್ದರಿಂದ ನಮ್ಮ ಪ್ರಶ್ನೆಯು ‘ಯಂತ್ರವೇಕೆ ತಾನಾಗಿ ಎದ್ದಿತು?’ ಎಂಬುದಲ್ಲ, ‘ಅದಕ್ಕೆ ಆಜ್ಞೆ ಎಲ್ಲಿಂದ ಬಂದಿತು?’ ಎಂಬುದು. ಉತ್ತರದ ಮೊದಲ ಸುಳಿವು ಅದು ಎದ್ದ ವೇಳೆಯಲ್ಲಿದೆ.

ವಿದ್ಯುತ್ತು ಮರಳಿದಾಗಲೇ ಎದ್ದರೆ, ಹೊಳೆನರಸೀಪುರದ ಮನೆಯಂತೆ, ಕಾರಣವು ಬಹುಮಟ್ಟಿಗೆ ‘ಬಯಾಸ್’ ಎಂಬ ಮೂಲ ವ್ಯವಸ್ಥೆಯಲ್ಲಿದೆ. ವಿದ್ಯುತ್ತು ಹೋಗಿ ಬಂದಾಗ ಏನು ಮಾಡಬೇಕೆಂಬ ನಿಯಮವೊಂದು ಅಲ್ಲಿರುತ್ತದೆ. ಅದನ್ನು ‘ಪವರ್ ಆಫ್’ ಎಂದು ಬದಲಾಯಿಸಿದರೆ ಸಾಕು. ಗಡಿಯಾರವೂ ಹಿಂದೆ ಬೀಳುತ್ತಿದ್ದರೆ ಮದರ್‌ಬೋರ್ಡಿನಲ್ಲಿರುವ ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿಯನ್ನು ಬದಲಿಸಬೇಕು. ಅದರ ಶಕ್ತಿ ಕುಂದಿದಾಗ ಬದಲಾಯಿಸಿದ ನಿಯಮಗಳು ಅಳಿಸಿಹೋಗಬಹುದು.

ಚನ್ನರಾಯಪಟ್ಟಣದ ಅಂಗಡಿಯೊಂದರ ಯಂತ್ರವು ಪ್ರತಿದಿನವೂ ಬೆಳಗಿನ ಮೂರು ಗಂಟೆಗೇ ಏಳುವುದಾದರೆ, ಆಜ್ಞೆ ಕೊಟ್ಟುದು ಗಡಿಯಾರವೇ ಸರಿ. ಪೂರ್ಣವಾಗಿ ಆರಿದ್ದ ಯಂತ್ರವನ್ನು ಬಯಾಸಿನ ಅಲಾರಂ ಎಬ್ಬಿಸಬಲ್ಲುದು. ಕೇವಲ ನಿದ್ರಾಸ್ಥಿತಿಯಲ್ಲಿ ಬಿಟ್ಟಿದ್ದರೆ, ಹೊಸ ತಂತ್ರಾಂಶವನ್ನು ಅಳವಡಿಸಲೆಂದು ವಿಂಡೋಸ್ ಇಟ್ಟುಕೊಂಡ ‘ವೇಕ್ ಟೈಮರ್’ ಸಹ ಎಬ್ಬಿಸೀತು. ಹೀಗೆ ಎದ್ದ ವೇಳೆಯನ್ನೂ ಅನೇಕ ವೇಳೆ ಕಾರಣವನ್ನೂ ‘ಈವೆಂಟ್ ವ್ಯೂವರ್’ ಎಂಬ ದಿನಚರಿಯಲ್ಲಿ ‘ಪವರ್ ಟ್ರಬಲ್‌ಶೂಟರ್’ ಎಂಬ ಹೆಸರಿನಡಿ ನೋಡಬಹುದು. ಮೇಜು ಅಲುಗಿ ಮೌಸು ಕದಲಿದರೂ ನಿದ್ರೆಯಲ್ಲಿದ್ದ ಯಂತ್ರ ಎಚ್ಚರಗೊಳ್ಳುವುದುಂಟು.

ಅರಕಲಗೂಡಿನ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಹಲವು ಯಂತ್ರಗಳು ಒಟ್ಟಿಗೆ ಏಳುವುವೆನ್ನೋಣ. ಆಗ ಜಾಲದ ತಂತಿಯನ್ನು ಸಂಶಯಿಸಬೇಕು. ‘ವೇಕ್ ಆನ್ ಲ್ಯಾನ್’ ಎಂಬ ಏರ್ಪಾಡಿನಲ್ಲಿ ದೂರದ ಯಂತ್ರವೊಂದು 102 ಬೈಟುಗಳ ಕರೆಯನ್ನು ಕಳುಹಿಸುತ್ತದೆ. ಮೊದಲ 6 ಬೈಟುಗಳು ‘ಎಚ್ಚರ!’ ಎಂಬ ಗುರುತು. ಆಮೇಲೆ ಎಬ್ಬಿಸಬೇಕಾದ ಯಂತ್ರದ 6 ಬೈಟುಗಳ ವಿಳಾಸವು 16 ಸಲ ಬರುತ್ತದೆ. ಇಷ್ಟು ಸಲ ಹೆಸರು ಕೂಗಿದ ಮೇಲೆ ಏಳದಿರುವುದುಂಟೆ? ಒಂದು ರಾತ್ರಿ ತಂತಿಯನ್ನು ಕಿತ್ತಿಟ್ಟು ನೋಡಿದರೆ ಸಂಶಯ ಪರಿಹಾರವಾಗುತ್ತದೆ.

ಏಳುವ ವೇಳೆಗೆ ಯಾವ ಕ್ರಮವೂ ಇಲ್ಲದಿದ್ದರೆ? ಗುಂಡಿಯೇ ಧೂಳಿನಿಂದಲೋ ತೇವದಿಂದಲೋ ಅಂಟಿಕೊಂಡಿರಬಹುದು. ಪ್ಲಗ್ಗನ್ನು ಕಿತ್ತು, ಗುಂಡಿಯಿಂದ ಮದರ್‌ಬೋರ್ಡಿಗೆ ಹೋಗುವ ಎರಡು ಎಳೆಗಳ ತಂತಿಯನ್ನು ಬಿಡಿಸಿ, ಮತ್ತೆ ಪ್ಲಗ್ಗು ಹಾಕಿ ಕಾದು ನೋಡಿರಿ. ಯಂತ್ರ ಸುಮ್ಮನಿದ್ದರೆ ದೋಷವು ಗುಂಡಿಯದು. ಆದರೂ ಎದ್ದರೆ ಮಾತ್ರ ಪವರ್ ಸಪ್ಲೈ, ಅನಂತರ ಮದರ್‌ಬೋರ್ಡು, ಇವುಗಳ ಸರದಿ. ಪವರ್ ಸಪ್ಲೈಯ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬಾರದು. ಪ್ಲಗ್ಗು ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ

ಈ ಎಲ್ಲ ಪರೀಕ್ಷೆಗಳಲ್ಲಿಯೂ ಪಾಲಿಸತಕ್ಕ ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಫಲಿತಾಂಶವನ್ನು ಪುಸ್ತಕದಲ್ಲಿ ಬರೆದಿಡಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಕಾಯಿಲೆ ವಾಸಿಯಾದರೂ ಔಷಧ ಯಾವುದೆಂದು ತಿಳಿಯುವುದಿಲ್ಲ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಕಲಿಯುವ ವಿಜ್ಞಾನದ ವಿಧಾನವೂ ಇದೇ ಅಲ್ಲವೆ?

ಇನ್ನೊಂದು ಮಾತು. ಗುಂಡಿಯಿಂದ ಆರಿಸಿದ ಯಂತ್ರವು ಪ್ಲಗ್ಗಿನ ಮೂಲಕ ಹೊರಗಿನ ತಂತಿಗಳೊಡನೆ ಇನ್ನೂ ಸಂಬಂಧವಿಟ್ಟುಕೊಂಡೇ ಇರುತ್ತದೆ. ಆದುದರಿಂದ ಗುಡುಗಿನ ಮಳೆ ಬರುವ ಸೂಚನೆ ಕಂಡಾಗಲೇ, ಮಿಂಚು ಹತ್ತಿರಕ್ಕೆ ಬರುವ ಮೊದಲು, ಗೋಡೆಯ ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನೂ ಜಾಲದ ತಂತಿಯನ್ನೂ ಕಿತ್ತಿಡುವುದು ಕ್ಷೇಮ. ಕಾವಲುಗಾರನು ನಿಜವಾಗಿ ನಿದ್ರಿಸುವುದು ಆಗ ಮಾತ್ರ.