ನಮ್ಮ ಮೈಸೂರಿನ ಕುದುರೆ ಸವಾರರು ಮತ್ತು ಸಿಡ್ನಿಯಲ್ಲಿ ಓದಿದ ಜನರಲ್

ಹೋದ ವರ್ಷ ಆನ್ಜಾಕ್ ದಿನದ ಮೆರವಣಿಗೆ ನೋಡಿ ಬಂದ ಮೇಲೆ ನಮ್ಮ ತರಗತಿಯ ಹುಡುಗನೊಬ್ಬ ಕೇಳಿದ: "ಅಂಕಲ್, ಈ ಯುದ್ಧದಲ್ಲಿ ನಮ್ಮ ಕಡೆಯವರು ಯಾರಾದ್ರೂ ಇದ್ರಾ?" ನಾನು ಸಾಫ್ಟ್‌ವೇರ್‌ನವನು, ಇತಿಹಾಸದವನಲ್ಲ. ಮುಂದಿನ ವಾರ ಹೇಳ್ತೀನಿ ಅಂತ ತಪ್ಪಿಸಿಕೊಂಡೆ. ಆ ಮುಂದಿನ ವಾರ ಈಗ ಬಂದಿದೆ. ಇದ್ದರು ಕಣಪ್ಪ, ಮೈಸೂರು ಸಂಸ್ಥಾನದವರು, ಕುದುರೆ ಸಮೇತ.

ಕಥೆ ಶುರುವಾಗೋದು ಹ್ಯಾರಿ ಶೋವೆಲ್ ಅವರಿಂದ. 1865ರಲ್ಲಿ ನ್ಯೂ ಸೌತ್ ವೇಲ್ಸ್‌ನ ಟ್ಯಾಬ್ಯುಲಮ್‌ನಲ್ಲಿ ಹುಟ್ಟಿದವರು. ಸಿಡ್ನಿ ಗ್ರಾಮರ್ ಶಾಲೆಯಲ್ಲಿ ಓದಿದರು. ಆಮೇಲೆ ಕ್ವೀನ್ಸ್‌ಲ್ಯಾಂಡಿನ ಸವಾರ ಪಡೆಗೆ ಅಧಿಕಾರಿಯಾದರು. ಆಸ್ಟ್ರೇಲಿಯಾದಲ್ಲಿ ಅಂತರ್ಯುದ್ಧ, ಅಂದರೆ ಒಂದೇ ನಾಡಿನವರು ತಮ್ಮತಮ್ಮಲ್ಲೇ ಹೊಡೆದಾಡುವ ಯುದ್ಧ, ಆಗಲಿಲ್ಲ. ಆದರೆ 1891ರಲ್ಲಿ ಕ್ವೀನ್ಸ್‌ಲ್ಯಾಂಡಿನಲ್ಲಿ ಕುರಿಯ ಉಣ್ಣೆ ಕತ್ತರಿಸುವ ಕೆಲಸಗಾರರು ಮುಷ್ಕರ ಹೂಡಿದಾಗ ಅದರ ಹತ್ತಿರಕ್ಕೇ ಹೋಗಿತ್ತು. ಕೆಲಸಗಾರರ ಶಿಬಿರಗಳಲ್ಲಿ ಬಂದೂಕು ಇದ್ದವು, ಸರ್ಕಾರ ಸೈನ್ಯ ಕಳಿಸಿತು. ಆ ಸೈನ್ಯದಲ್ಲಿ ಯುವಕ ಶೋವೆಲ್ ಕೂಡ ಇದ್ದರು, ಎದುರಿಗೆ ಇದ್ದವರು ಅವರದೇ ನಾಡಿನ ಜನ. ಯುದ್ಧ ಹತ್ತಿಕೊಳ್ಳದೆ ಮುಗಿಯಿತು, ಮುಷ್ಕರದ ನಾಯಕರು ಜೈಲಿಗೆ ಹೋದರು. ಆ ಕೆಲಸಗಾರರ ಹೋರಾಟದಿಂದಲೇ ಮುಂದೆ ಲೇಬರ್ ಪಕ್ಷ ಬೆಳೆಯಿತು.

ಬೋಯರ್ ಯುದ್ಧ, ಗಲಿಪೊಲಿ ಎಲ್ಲ ದಾಟಿ 1917ರಲ್ಲಿ ಶೋವೆಲ್ ಪ್ಯಾಲೆಸ್ಟೈನ್‌ನಲ್ಲಿ 'ಡೆಸರ್ಟ್ ಮೌಂಟೆಡ್ ಕೋರ್' ಎಂಬ ಭಾರೀ ಕುದುರೆ ಪಡೆಯ ಮುಖ್ಯಸ್ಥರಾದರು. ಆ ಅಕ್ಟೋಬರ್ 31ರಂದು ಬೀರ್‌ಶೀಬಾ ಊರನ್ನು ಹಿಡಿಯಬೇಕಿತ್ತು. ಯಾಕೆ ಅವಸರ? ನೀರು! ಮರಳುಗಾಡಿನಲ್ಲಿ ಸಾವಿರಾರು ಕುದುರೆಗಳಿಗೆ ಬಾಯಾರಿಕೆ, ಬಾವಿಗಳೆಲ್ಲ ಆ ಊರಿನಲ್ಲಿ. ಸೂರ್ಯ ಮುಳುಗುವುದರೊಳಗೆ ಆಗಲೇಬೇಕು. (ನಮ್ಮ ಆಫೀಸಿನ ಡೆಡ್‌ಲೈನ್‌ಗಳು ಇದರ ಮುಂದೆ ಏನೂ ಅಲ್ಲ.) ವಿಕ್ಟೋರಿಯಾದ 4ನೇ ಮತ್ತು ನ್ಯೂ ಸೌತ್ ವೇಲ್ಸ್‌ನ 12ನೇ ಲೈಟ್ ಹಾರ್ಸ್ ರೆಜಿಮೆಂಟುಗಳು, ಮೆಲ್ಬರ್ನ್ ಸಿಡ್ನಿ ಎರಡೂ ಕಡೆಯವರು ಅನ್ನಿ, ಕತ್ತಿ ಇಲ್ಲದೆ ಬಯೊನೆಟ್ಟನ್ನೇ ಕೈಯಲ್ಲಿ ಹಿಡಿದು ನುಗ್ಗಿದರು. ಊರು ಸಿಕ್ಕಿತು.

ಮರುವರ್ಷ ಇದೇ ಶೋವೆಲ್ ಪಡೆಯಲ್ಲಿ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್ ಇತ್ತು: ಜೋಧಪುರ, ಹೈದರಾಬಾದ್ ಮತ್ತು ಮೈಸೂರು ಲ್ಯಾನ್ಸರ್ಸ್. ಲ್ಯಾನ್ಸರ್ ಅಂದ್ರೆ ಭರ್ಜಿ ಹಿಡಿದ ಸವಾರ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1914ರಲ್ಲೇ, ಮೈಸೂರಿನವರು ಮನೆ ಬಿಟ್ಟು ಈಜಿಪ್ಟಿಗೆ ಬಂದಿದ್ದರು. ನಾಲ್ಕು ವರ್ಷ ಹೊರಗೆ. ತುರ್ಕರು ಮೈಸೂರಿಗೆ ಏನು ಮಾಡಿದ್ದರು ಅಂತ ಕೇಳಬೇಡಿ, ಏನೂ ಮಾಡಿರಲಿಲ್ಲ. ಬ್ರಿಟಿಷರ ಯುದ್ಧ, ನಮ್ಮವರ ಪ್ರಾಣ.

1918ರ ಸೆಪ್ಟೆಂಬರ್ 23, ಹೈಫಾ ಬಂದರು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆಯ ಹೂಳು, ನಡುವೆ ಇಕ್ಕಟ್ಟು ದಾರಿ. ಬೆಟ್ಟದ ಮೇಲಿಂದ ಫಿರಂಗಿಗಳು ದಾರಿ ಕಾಯುತ್ತಿವೆ. ಆ ಫಿರಂಗಿ ಹಿಡಿಯಲು ಕಡಿದಾದ ಬೆಟ್ಟ ಹತ್ತಿದ್ದು ಮೈಸೂರಿನ ಸವಾರರ ಒಂದು ಸ್ಕ್ವಾಡ್ರನ್. ಏರುವಷ್ಟರಲ್ಲಿ ಕುದುರೆಗಳು ಸುಸ್ತು, ಮೇಲೆ ಕೊನೆಗೆ ಕುದುರೆ ಮೇಲೆ ನುಗ್ಗಿದವರು ಬೆರಳೆಣಿಕೆಯಷ್ಟೇ ಜನ. ಆದರೂ ಫಿರಂಗಿ ಹಿಡಿದರು. ಕೆಳಗೆ ಜೋಧಪುರದವರು ಊರಿಗೆ ನುಗ್ಗಿದರು, ಅವರ ಮೇಜರ್ ದಳಪತ್ ಸಿಂಗ್ ಅಲ್ಲೇ ತೀರಿಕೊಂಡರು. ಸೆರೆ ಸಿಕ್ಕವರು 1,350 ಜನ. ನಮ್ಮ ಕಡೆ ಸತ್ತವರು 8 ಜನ, ಕುದುರೆಗಳು 60.

ಶೋವೆಲ್ 1945ರಲ್ಲಿ ಮೆಲ್ಬರ್ನ್‌ನಲ್ಲಿ ತೀರಿಕೊಂಡರು. ಯುದ್ಧಕ್ಕೆ ಆಸ್ಟ್ರೇಲಿಯಾ ಬಿಟ್ಟ ಲಕ್ಷಕ್ಕೂ ಹೆಚ್ಚು ಕುದುರೆಗಳಲ್ಲಿ ವಾಪಸ್ ಬಂದದ್ದು ಒಂದೇ ಒಂದು. ಅದರ ಹೆಸರು ಸ್ಯಾಂಡಿ, ಅದು ಬಂದಿದ್ದೂ ಮೆಲ್ಬರ್ನಿಗೆ. ಸಿಡ್ನಿಯಲ್ಲಿ ಸ್ಟೇಟ್ ಲೈಬ್ರರಿ ಹತ್ತಿರ, ಬೊಟಾನಿಕ್ ಗಾರ್ಡನ್ ಗೋಡೆಯ ಮೇಲೆ ಡೆಸರ್ಟ್ ಮೌಂಟೆಡ್ ಕೋರ್‌ನ ಕುದುರೆಗಳ ನೆನಪಿಗೆ ಒಂದು ಫಲಕ ಇದೆ. ಮೈಸೂರಿನ ಹೆಸರು ಅದರಲ್ಲಿಲ್ಲ, ಆದರೆ ಆ ಕೋರ್‌ನಲ್ಲಿ ನಮ್ಮ ಕುದುರೆಗಳೂ ಇದ್ದವಲ್ಲ. ನನ್ನ ಮಗಳು ಅಲ್ಲಿ ನಿಂತು, "ಅಪ್ಪ, ನಮ್ಮ ಕುದುರೆಗಳ ಹೆಸರೇನು?" ಅಂತ ಕೇಳಿದಳು. ಆ ಪ್ರಶ್ನೆಗೆ ಗೂಗಲ್‌ನಲ್ಲೂ ಉತ್ತರ ಸಿಗಲಿಲ್ಲ.

ಸವಾರರ ಹೆಸರು ಮಾತ್ರ ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕದ ಮೇಲೆ ಕೆತ್ತಿದೆ. ಡಿಸೆಂಬರ್ ರಜೆಗೆ ಅಜ್ಜಿ ಮನೆಗೆ ಹೋದಾಗ ಒಂದು ಆಟೋ ಹಿಡಿದು ಹೋಗಿ ಬನ್ನಿ, ಓದಿ ಬಂದ ಹೆಸರುಗಳನ್ನ ಫೆಬ್ರವರಿಯಲ್ಲಿ ತರಗತಿಗೆ ತನ್ನಿ.