ಜಾತ್ರೆಯ ಪಟ್ಟಿ, ಮನೆಯ ಪಟ್ಟಿ

ರಾಣೆಬೆನ್ನೂರು ಸೀಮೆಯ ಹಳ್ಳಿಗಳಲ್ಲಿ ‘ಪಟ್ಟಿ’ ಎಂಬ ಮಾತು ಎರಡು ಸಂದರ್ಭಗಳಲ್ಲಿ ಕೇಳಿಬರುತ್ತದೆ. ಊರದೇವರ ಜಾತ್ರೆ ಬಂದಾಗ, ಮಠದಲ್ಲಿ ಪುರಾಣ ಹಚ್ಚಿದಾಗ, ಗುಡಿಗೆ ಕಳಸವೇರಿಸುವಾಗ ಹಿರಿಯರು ಮನೆಮನೆಗೆ ಬಂದು ಎತ್ತುವ ವಂತಿಗೆ ಒಂದು ಪಟ್ಟಿ. ಗ್ರಾಮ ಪಂಚಾಯತಿಯು ವಾಸದ ಮನೆಯ ಮೇಲೆ, ಅಂಗಡಿಯ ಮೇಲೆ, ನಳದ ನೀರಿನ ಮೇಲೆ ವಿಧಿಸುವ ಕರ ಇನ್ನೊಂದು ಪಟ್ಟಿ. ಹೆಸರು ಒಂದೇ ಆದರೂ ಇವೆರಡಕ್ಕೂ ದೊರೆಯುವ ಮರ್ಯಾದೆ ಒಂದೇ ಆಗಿಲ್ಲ. ಮೊದಲನೆಯದು ಬಂದಾಗ ಮನೆಯ ಯಜಮಾನರು ಬಂದವರನ್ನು ಕಟ್ಟೆಯ ಮೇಲೆ ಕೂಡ್ರಿಸಿ, ಚಹಾ ಕೊಟ್ಟು, ‘ನಮ್ಮ ಹೆಸರೀಲೆ ಇಷ್ಟು ಬರಕೊಳ್ರಿ’ ಎಂದು ಅಭಿಮಾನದಿಂದ ಹೇಳುತ್ತಾರೆ. ಅದು ಸಾಲದೇನೋ ಎಂದು ಒಳಗಿನಿಂದ ಅವ್ವನವರು ಒಂದು ಚೀಲ ಜೋಳವನ್ನೂ ಬರೆಸುತ್ತಾರೆ. ಎರಡನೆಯದಕ್ಕಾಗಿ ಕರವಸೂಲಿಗಾರನು ಪಾವತಿ ಪುಸ್ತಕ ಹಿಡಿದು ಬಂದರೆ ‘ಸುಗ್ಗಿ ಆಗ್ಲಿ, ತಡಿಯಪ್ಪಾ’ ಎಂಬ ಉತ್ತರ. ಸುಗ್ಗಿ ಮುಗಿದ ಮೇಲೆ ಬಂದರೆ ‘ಮೊದಲ ಗಟಾರ ಸ್ವಚ್ಛ ಮಾಡಸ್ರಿ, ಆಮ್ಯಾಲೆ ಪಟ್ಟಿ ಕೇಳ್ರಿ’ ಎಂಬ ಉತ್ತರ.

ದಾಸೋಹವನ್ನು ಬದುಕಿನ ಕ್ರಮವನ್ನಾಗಿ ಮಾಡಿಕೊಂಡ ಸಮಾಜ ನಮ್ಮದು. ಬರಗಾಲದ ವರ್ಷದಲ್ಲಿಯೂ ಪ್ರಸಾದದ ಒಲೆ ಆರಲು ಬಿಡದ ಮನೆತನಗಳು ನಮ್ಮಲ್ಲಿವೆ. ಆದ್ದರಿಂದ ಪಂಚಾಯತಿಯ ಪಟ್ಟಿ ಬಾಕಿ ಉಳಿಯುವುದು ಜಿಪುಣತನದಿಂದಲ್ಲ. ಕಾರಣವನ್ನು ಬೇರೆಡೆ ಹುಡುಕಬೇಕಾಗಿದೆ. ಅದಕ್ಕೆ ಮೊದಲು ಈ ಎರಡನೆಯ ಪಟ್ಟಿಯ ಹಣ ಯಾವ ದಾರಿ ಹಿಡಿಯುತ್ತದೆಂಬುದನ್ನು ತಿಳಿಯುವುದು ಒಳ್ಳೆಯದು.

ಬೆಳಗಿನ ಜಾವ ನಾವಿನ್ನೂ ಹಾಸಿಗೆಯಲ್ಲಿರುವಾಗಲೇ ಒಬ್ಬನು ಎದ್ದು ಹೋಗಿ ಪಂಪು ಚಾಲೂ ಮಾಡಿ, ಒಂದೊಂದು ಓಣಿಯ ವಾಲ್ವನ್ನು ಸರದಿಯಂತೆ ತಿರುಗಿಸುತ್ತಾನೆ. ಅವನು ಪಂಚಾಯತಿಯ ನೀರಗಂಟಿ. ಗಟಾರದ ಹೂಳೆತ್ತುವವನು, ಕರ ವಸೂಲಿ ಮಾಡುವವನು, ಕಚೇರಿಯ ಜವಾನ ಇವರೂ ಪಂಚಾಯತಿಯ ನೌಕರರೇ. ನೀರೆತ್ತುವ ಪಂಪಿಗೂ ಬೀದಿದೀಪಕ್ಕೂ ಹೆಸ್ಕಾಂ ಕಂಪನಿಯು ಬಿಲ್ಲು ಕಳುಹಿಸುತ್ತದೆ. ಮೋಟಾರು ಸುಟ್ಟರೆ ಕಟ್ಟಿಸಬೇಕು, ಮೇಲ್ತೊಟ್ಟಿಯನ್ನು ತೊಳೆಸಿ ಬ್ಲೀಚಿಂಗ್ ಪುಡಿ ಹಾಕಿಸಬೇಕು, ಒಡೆದ ಪೈಪನ್ನು ಅಂದೇ ಜೋಡಿಸಬೇಕು. ಇವೆಲ್ಲ ದಿನನಿತ್ಯದ ಖರ್ಚುಗಳು. ಉದ್ಘಾಟನೆಯ ಫಲಕವಿಲ್ಲದ ಖರ್ಚುಗಳು. ಹೊಸ ಕಾಮಗಾರಿಗೆ ಮೇಲಿನಿಂದ ಅನುದಾನ ಬರುತ್ತದೆ. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ಗ್ರಾಮೀಣ ಸಂಸ್ಥೆಗಳ ಅನುದಾನದಲ್ಲಿ ನೂರಕ್ಕೆ ಅರವತ್ತು ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತು. ಉಳಿದ ಭಾಗವನ್ನು ಸಂಬಳಕ್ಕೆ ಬಳಸಲು ಅವಕಾಶವಿರಲಿಲ್ಲ. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಯೋಜನೆಯು ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಎಂಬ ಗುರಿಯೊಡನೆ ಹಳ್ಳಿಗಳ ಓಣಿಗಳನ್ನು ಅಗೆದು ಮನೆಯಂಗಳಕ್ಕೆ ನಳ ತಂದಿತು. ನಳ ಬಂದಿತು ಸರಿ. ಆ ನಳದಲ್ಲಿ ಹತ್ತು ವರ್ಷವೂ ನೀರು ಬರುವಂತೆ ನೋಡಿಕೊಳ್ಳುವ ಹೊಣೆ ಊರಿನದೇ. ಬಾಕಿಯ ಮೊತ್ತ ಬೆಳೆದಂತೆಲ್ಲ ಮೊದಲು ತಡವಾಗುವುದು ನೀರಗಂಟಿಯ ಸಂಬಳ, ಆಮೇಲೆ ಮೋಟಾರಿನ ದುರಸ್ತಿ, ಕೊನೆಗೆ ನಮ್ಮ ಮನೆಯ ತಾಯಂದಿರು ಕೊಡ ಹಿಡಿದು ತೋಟದ ಬಾವಿಗೆ ನಡೆಯುವುದು.

ಇನ್ನೊಂದು ಸಂಗತಿ ಹಲವರಿಗೆ ತಿಳಿದಂತಿಲ್ಲ. ಹೊಲದ ಮೇಲೆ ಪಂಚಾಯತಿಯು ಕರ ಹಾಕುವಂತಿಲ್ಲ. ಕಟ್ಟಡ ಮತ್ತು ಕೃಷಿಯೇತರ ಜಾಗದ ಮೇಲೆ ಮಾತ್ರ. ನಲವತ್ತು ಎಕರೆ ಹತ್ತಿ, ಗೋವಿನಜೋಳ ಬೆಳೆಯುವವರೂ ಕೂಲಿಯ ಮೇಲೆ ಬದುಕುವವರೂ ಪಂಚಾಯತಿಗೆ ಕೊಡುವುದು ತಮ್ಮ ಸೂರಿನ ಪಟ್ಟಿಯನ್ನಷ್ಟೆ. ಜಾತ್ರೆಗೆ ಬರುವ ಯಾತ್ರಿಕರಿಗೆ ನೀರು, ಆರೋಗ್ಯ, ನೈರ್ಮಲ್ಯದ ವ್ಯವಸ್ಥೆ ಮಾಡಿದಲ್ಲಿ ಯಾತ್ರಿಕ ಶುಲ್ಕ ಪಡೆಯಲು ಕಾನೂನಿನಲ್ಲಿ ಅವಕಾಶವಿದೆ. ದಸರೆಯಲ್ಲಿ ಕಾರ್ಣಿಕ ಕೇಳಲು ಜನ ಕಿಕ್ಕಿರಿಯುವ ದೇವರಗುಡ್ಡದಂತಹ ಕ್ಷೇತ್ರವಿರುವ ತಾಲೂಕು ನಮ್ಮದು. ಭಕ್ತರು ಬಂದು ಹೋದ ಮರುದಿನ ಬಯಲಿನ ಕಸವನ್ನು ಎತ್ತುವವರು ಯಾರೆಂದು ನಾವು ಯೋಚಿಸಿದ್ದು ಕಡಿಮೆ.

ಪಂಚಾಯತಿ ನಮಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಗೌಡ, ಕುಲಕರ್ಣಿ, ತಳವಾರ, ವಾಲೀಕಾರರಿಂದ ಊರ ಆಡಳಿತ ನಡೆದ ಕಾಲವನ್ನು ಕಂಡ ಅಜ್ಜಂದಿರು ಈಚಿನವರೆಗೂ ಇದ್ದರು. ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿದ್ದುದರಿಂದ 1920ರ ಮುಂಬಯಿ ಗ್ರಾಮ ಪಂಚಾಯತಿ ಕಾಯಿದೆಯೇ ನಮಗೂ ಅನ್ವಯಿಸಿತು. ಏಕೀಕರಣದ ನಂತರ 1959ರ ಕಾಯಿದೆ ಬಂದಿತು. 1983ರ ಕಾಯಿದೆಯ ಮೇಲೆ 1987ರಲ್ಲಿ ಮಂಡಲ ಪಂಚಾಯತಿಗಳ ಚುನಾವಣೆ ನಡೆದು ನೂರಕ್ಕೆ 25 ಸ್ಥಾನಗಳು ಮಹಿಳೆಯರಿಗೆ ದೊರೆತವು. ಅದರ ಹಿಂದಿದ್ದ ಸಚಿವ ಅಬ್ದುಲ್ ನಜೀರ್ ಸಾಬರನ್ನು ಜನರು ನೆನೆಯುವುದು ‘ನೀರ್ ಸಾಬ್’ ಎಂದೇ. ಊರೂರಿಗೆ ಕೊಳವೆಬಾವಿ ಕೊಡಿಸಿದ ಆ ಹಿರಿಯರು 1988ರಲ್ಲಿ ತೀರಿಕೊಂಡರು. 1993ರ ಮೇ 10ರಿಂದ ಈಗಿನ ಪಂಚಾಯತ್ ರಾಜ್ ಕಾಯಿದೆ ಜಾರಿಯಲ್ಲಿದೆ. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಯಿತು. 2010ರಿಂದ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಕಾಯಿದೆಗಳ ಚರಿತ್ರೆ ಇಷ್ಟು ಸಾಕು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಜಾತ್ರೆಯ ಪಟ್ಟಿಯನ್ನು ಜನ ನಂಬುವುದೇಕೆ? ತೇರು ಎಳೆದು ನಾಲ್ಕಾರು ದಿನಗಳಾದ ಮೇಲೆ ಗುಡಿಯ ಮುಂದೆ ಜಮಖಾನೆ ಹಾಸಿ ಹಿರಿಯರು ಲೆಕ್ಕ ಓದುತ್ತಾರೆ. ಯಾರದು ಎಷ್ಟು ಬಂದಿತು, ಭಜಂತ್ರಿಯವರಿಗೆಷ್ಟು, ಪೆಂಡಾಲಿಗೆಷ್ಟು, ಅಕ್ಕಿ ಬೆಲ್ಲಕ್ಕೆಷ್ಟು, ಉಳಿದದ್ದು ಯಾರ ಕೈಯಲ್ಲಿದೆ ಎಂಬುದು ಹತ್ತು ಜನರ ಕಿವಿಗೆ ಬೀಳುತ್ತದೆ. ‘ಪೆಂಡಾಲಿಗೆ ಇಷ್ಟ್ಯಾಕ ಆತು?’ ಎಂದು ಒಬ್ಬರು ಕೇಳುತ್ತಾರೆ. ಕೇಳಿದ್ದಕ್ಕೆ ಯಾರೂ ಸಿಟ್ಟಾಗುವುದಿಲ್ಲ. ಈ ಒಂದು ಕ್ರಮದಿಂದಲೇ ಮರುವರ್ಷ ಪಟ್ಟಿ ಎತ್ತುವುದು ಸುಲಭವಾಗುತ್ತದೆ.

ಲೆಕ್ಕ ಕೇಳಿಸಿಕೊಳ್ಳುವುದು ಅವಮಾನವಲ್ಲವೆಂಬುದಕ್ಕೆ ನಮ್ಮಲ್ಲಿ ದೊಡ್ಡ ನಿದರ್ಶನವೇ ಇದೆ. ಬಿಜ್ಜಳನ ಭಂಡಾರದ ಹೊನ್ನನ್ನು ಬಸವಣ್ಣನವರು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ಚಾಡಿ ಹೇಳಿದ ಪ್ರಸಂಗವನ್ನು ಪುರಾಣ ಕೇಳಿದವರೆಲ್ಲ ಬಲ್ಲರು. ಭಂಡಾರವನ್ನು ತೆರೆದು ಎಣಿಸಿದಾಗ ಲೆಕ್ಕ ಸರಿಹೋಯಿತು. ನಾವು ಅದನ್ನು ಪವಾಡವೆಂದು ಕೇಳಿ ಕೈಮುಗಿದು ಏಳುತ್ತೇವೆ. ಮಹಾಮಂತ್ರಿಯಾದವರು ಭಂಡಾರದ ಬಾಗಿಲು ತೆರೆದು ‘ಎಣಿಸಿ ನೋಡಿ’ ಎಂದು ನಿಂತದ್ದೂ ಆ ಕಥೆಯಲ್ಲಿದೆ. ಹಾಗೆಯೇ ಊರ ಆಡಳಿತದ ಕಾಯಕವನ್ನು ಕೀಳೆಂದು ಶರಣರು ಬಗೆಯಲಿಲ್ಲ. ಸುಂಕ ವಸೂಲಿ ಮಾಡುತ್ತಿದ್ದ ಸುಂಕದ ಬಂಕಣ್ಣನವರೂ ಊರು ಕಾಯುತ್ತಿದ್ದ ತಳವಾರ ಕಾಮಿದೇವರೂ ವಚನಕಾರರೇ. ಅಂಗಳದ ಕಸ ಗುಡಿಸುವುದನ್ನು ಕಾಯಕವಾಗಿ ಕೈಕೊಂಡ ಸತ್ಯಕ್ಕನವರು ಲಂಚಕ್ಕೆ ಕೈಯೊಡ್ಡುವುದಿಲ್ಲವೆಂದು, ದಾರಿಯಲ್ಲಿ ಬಿದ್ದ ಹೊನ್ನನ್ನೂ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದವರು. ಇಂದು ನಮ್ಮ ಓಣಿಯ ಗಟಾರ ಬಳಿಯುವವರನ್ನು ನಾವು ಹೆಸರು ಹಿಡಿದು ಮಾತನಾಡಿಸುತ್ತೇವೆಯೆ?

ಪಂಚಾಯತಿಯ ಲೆಕ್ಕವೂ ಗುಟ್ಟಿನದಲ್ಲ. ಮತದಾರರ ಯಾದಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಅದು ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಒಟ್ಟು ಸದಸ್ಯರ ಹತ್ತನೆಯ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಜನರಾದರೂ ಇರಬೇಕು. ಅದಕ್ಕೂ ಮುಂಚೆ ಆಯಾ ವಾರ್ಡಿನ ಸಭೆ ನಡೆದು ಓಣಿಯ ಬೇಡಿಕೆಗಳು ಅಲ್ಲಿಂದ ಮೇಲೆ ಬರಬೇಕು. ಇದಲ್ಲದೆ 2004ರ ನಿಯಮಗಳಂತೆ ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಜಮಾಬಂದಿ ನಡೆಯುತ್ತದೆ. ಹಿಂದಿನ ವರ್ಷದ ಜಮೆ-ಖರ್ಚನ್ನು ಸಾರ್ವಜನಿಕರ ಎದುರು ಇಟ್ಟು, ಮಾಡಿದ ಕೆಲಸವನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸುವ ದಿನವದು. ಗುಡಿಯ ಮುಂದಿನ ಜಮಖಾನೆಗೂ ಈ ಜಮಾಬಂದಿಗೂ ಉದ್ದೇಶದಲ್ಲಿ ವ್ಯತ್ಯಾಸವೇನೂ ಇಲ್ಲ. ವ್ಯತ್ಯಾಸವಿರುವುದು ಕೇಳುವವರ ಸಂಖ್ಯೆಯಲ್ಲಿ. ಗುಡಿಯ ಮುಂದೆ ಊರು ನೆರೆಯುತ್ತದೆ. ಪಂಚಾಯತಿಯ ಮುಂದೆ ಮನೆ ಮಂಜೂರಾತಿ ಬೇಕಾದವರು, ಗುತ್ತಿಗೆಯಲ್ಲಿ ಆಸಕ್ತಿಯುಳ್ಳವರು, ಒಂದಿಬ್ಬರು ಸದಸ್ಯರು. ಕೋರಂ ತುಂಬದಿದ್ದಾಗ ಹಾಜರಿ ಪುಸ್ತಕವೇ ಸಂಜೆ ಮನೆಮನೆಗೆ ಸಂಚರಿಸಿ ಸಹಿ ತರುವ ಊರುಗಳೂ ಇವೆ. ಹಾಗೆ ಬಂದ ಪುಸ್ತಕಕ್ಕೆ ಸಹಿ ಮಾಡುವವರಲ್ಲಿ ವಿದ್ಯಾವಂತರೇ ಮುಂದು.

ಶರಣಬಂಧುಗಳು ಬೇಸರಿಸದಿದ್ದರೆ ಇನ್ನೂ ಒಂದು ಮಾತನ್ನು ಹೇಳಲೇಬೇಕು. ನಮ್ಮಲ್ಲಿ ಕೆಲವು ಹಿರಿಯ ಮನೆತನದವರು ಗ್ರಾಮಸಭೆಗೆ ಹೋಗದಿರುವುದು ಬಿಡುವಿಲ್ಲದ್ದಕ್ಕಲ್ಲ. ಅಲ್ಲಿ ಅಧ್ಯಕ್ಷರ ಖುರ್ಚಿಯಲ್ಲಿ ಕೇರಿಯ ಹೆಣ್ಣುಮಗಳು ಕುಳಿತಿರಬಹುದು. ಅವಳ ಎದುರಿಗೆ ಎದ್ದು ನಿಂತು ‘ಅಧ್ಯಕ್ಷರೇ’ ಎಂದು ಮಾತನಾಡಬೇಕಾಗುತ್ತದೆ. ಜಾತ್ರೆಯ ಲೆಕ್ಕಕ್ಕೆ ಕೂಡ್ರುವವರು ನಾಲ್ಕು ಮನೆತನದ ಗಂಡಸರು. ಗ್ರಾಮಸಭೆಯಲ್ಲಿ ಎಲ್ಲ ಓಣಿಯವರೂ ಹಕ್ಕಿನಿಂದ ಕೂಡ್ರುತ್ತಾರೆ. ಅನುಭವ ಮಂಟಪವು ಪ್ರಪಂಚದ ಮೊದಲ ಪಾರ್ಲಿಮೆಂಟು ಎಂದು ವೇದಿಕೆಯಲ್ಲಿ ಹೇಳಿ ಚಪ್ಪಾಳೆ ಪಡೆಯುವ ನಮಗೆ, ಮಾದಾರ ಚೆನ್ನಯ್ಯನವರನ್ನು ಅಪ್ಪನೆಂದು ಕರೆದ ಪರಂಪರೆಯ ನಮಗೆ, ಊರಿನ ಪಂಚಾಯತಿಯ ಆ ಒಂದು ಖುರ್ಚಿ ಏಕೆ ಅಷ್ಟು ಭಾರವಾಗುತ್ತದೆ? ನಮ್ಮ ಮನೆಯ ಸೊಸೆಯೇ ಸದಸ್ಯೆಯಾಗಿದ್ದಲ್ಲಿಯೂ ಪರಿಸ್ಥಿತಿ ಬಹಳ ಬೇರೆಯಲ್ಲ. ಸಹಿ ಅವಳದು, ಸಭೆಗೆ ಹೋಗುವವರು ಅವಳ ಯಜಮಾನರು. ನೀರಿನ ಕೊರತೆಯನ್ನು ಕೊಡದ ಲೆಕ್ಕದಲ್ಲಿ ಹೇಳಬಲ್ಲವಳು ಅಡುಗೆಮನೆಯಲ್ಲಿ, ಪೈಪಿನ ಅಳತೆಯನ್ನು ಅಂದಾಜಿನಲ್ಲಿ ಹೇಳುವವರು ಸಭೆಯಲ್ಲಿ! ಹೆಂಗಸರ ಹೆಸರಿನಲ್ಲಿ ಗಂಡಸರು ಆಡಳಿತ ನಡೆಸುವುದನ್ನು ಮನೆಯೊಳಗೆ ತಡೆಯಬಲ್ಲವರು ಅತ್ತೆಯಂದಿರೇ. ‘ಮೀಟಿಂಗಿಗೆ ನೀನ ಹೋಗಿ ಬಾರವ್ವಾ, ಇವತ್ತಿನ ರೊಟ್ಟಿ ನಾ ನೋಡ್ಕೋತೀನಿ’ ಎಂದು ಒಬ್ಬ ಅತ್ತೆ ಹೇಳಿದರೆ ಯಾವ ತರಬೇತಿ ಶಿಬಿರವೂ ಮಾಡದ ಕೆಲಸವಾಗುತ್ತದೆ.

ಊರು ಒಟ್ಟಾಗಿ ಕೂತಾಗ ಏನಾಗುವುದೆಂದು ನೋಡಲು ದೂರ ಹೋಗಬೇಕಿಲ್ಲ. ನಮ್ಮ ತಾಲೂಕಿನ ಕಾಕೋಳವು ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಒಡ್ಡುಗಳಿಂದ ಹೆಸರಾದ ಊರು. ಕೊಳವೆಬಾವಿಗಳು ಬತ್ತತೊಡಗಿದಾಗ ಅಲ್ಲಿಯ ರೈತರು ಇನ್ನಷ್ಟು ಆಳಕ್ಕೆ ಕೊರೆಯಿಸುವುದನ್ನೇ ನೆಚ್ಚಿ ಕೂಡ್ರದೆ, ಓಡುವ ಮಳೆನೀರನ್ನು ನಿಲ್ಲಿಸುವ ಕಡೆಗೆ ಮನಸ್ಸು ಮಾಡಿದರು. ಒಡ್ಡು ಎಲ್ಲಿ ಬೇಕು, ಯಾರ ಹೊಲದ ಅಂಚಿನಲ್ಲಿ ನೀರು ನಿಲ್ಲಬೇಕು ಎಂಬುದನ್ನು ಎಂಜಿನಿಯರರ ಕಾಗದವೊಂದೇ ನಿರ್ಧರಿಸಲಾರದು. ಹೊಲದವರು ಒಪ್ಪಬೇಕು, ಒಪ್ಪಿಸಲು ಊರು ಮಾತನಾಡಬೇಕು.

ಮಾತನಾಡುವುದೆಂದರೆ ಜಗಳವಲ್ಲ, ಹೊಗಳಿಕೆಯೂ ಅಲ್ಲ. ತುಂಗಭದ್ರೆಯ ದಂಡೆಯ ಚೌಡದಾನಪುರ ನಮ್ಮ ತಾಲೂಕಿನದೇ. ಅಂಬಿಗರ ಚೌಡಯ್ಯನವರ ಐಕ್ಯಸ್ಥಳವೆಂದು ಭಕ್ತರು ಅಲ್ಲಿಗೆ ನಡೆದುಕೊಳ್ಳುತ್ತಾರೆ. ಅವರಷ್ಟು ನಿಷ್ಠುರವಾಗಿ ನುಡಿಯುವುದು ನಮ್ಮಿಂದಾಗದಿದ್ದರೂ ಸಭೆಯಲ್ಲಿ ನಾಲ್ಕು ಪ್ರಶ್ನೆಗಳನ್ನು ಸೌಮ್ಯವಾಗಿ ಕೇಳಬಹುದು. ಬೀದಿದೀಪದ ಬಿಲ್ಲು ಎಷ್ಟು ಬಾಕಿ ಇದೆ? ಹಗಲಿನಲ್ಲಿಯೂ ಉರಿಯುವ ದೀಪಗಳನ್ನು ಆರಿಸುವವರಾರು? ನೀರಗಂಟಿಗೆ ಯಾವ ತಿಂಗಳವರೆಗೆ ಸಂಬಳ ಆಗಿದೆ? ಕುಡಿಯುವ ನೀರನ್ನು ಕಳೆದ ಸಲ ಪರೀಕ್ಷೆಗೆ ಕಳುಹಿಸಿದ್ದು ಯಾವಾಗ? ಉತ್ತರವನ್ನು ಠರಾವು ಪುಸ್ತಕದಲ್ಲಿ ಬರೆಸಬೇಕು. ಬರೆಸಿದ್ದನ್ನು ಮುಂದಿನ ಸಭೆಯಲ್ಲಿ ಓದಿಸಬೇಕು. ಮೊದಲ ಸಭೆಯಲ್ಲಿ ಉತ್ತರ ಸಿಗದೆಯೂ ಹೋದೀತು. ಹತ್ತು ಮನೆಯವರು ಕೂಡಿ ಎರಡನೆಯ ಸಲವೂ ಅದನ್ನೇ ಕೇಳಿದರೆ ಕಾಗದಪತ್ರಗಳು ಸಿದ್ಧವಾಗಿಯೇ ಬರುತ್ತವೆ.

ಐದನೆಯ ಪ್ರಶ್ನೆಯೊಂದಿದೆ. ಅದನ್ನು ಕೇಳುವ ಮುನ್ನ ಮನೆಯಲ್ಲಿ ಪಾವತಿಗಳನ್ನು ಒಮ್ಮೆ ತೆಗೆದು ನೋಡಿಕೊಂಡು ಹೋಗುವುದು ಲೇಸು. ಮನೆಪಟ್ಟಿ, ನೀರಪಟ್ಟಿಯ ಬಾಕಿದಾರರ ಯಾದಿಯನ್ನು ಗಟ್ಟಿಯಾಗಿ ಓದಿ ಎಂದು ಕೇಳಿದರೆ, ಜಾತ್ರೆಯ ಪಟ್ಟಿಯ ಮೊದಲ ಹಾಳೆಯಲ್ಲಿ ಕಾಣುವ ಹೆಸರುಗಳೇ ಅಲ್ಲಿಯೂ ಕೇಳಿಬರುವ ಸಂಭವ ಇಲ್ಲದಿಲ್ಲ. ಅಂಥವರು ಕರವಸೂಲಿಗಾರನನ್ನು ಅಂದೇ ಸಂಜೆ ಮನೆಗೆ ಕರೆದು, ಕಟ್ಟೆಯ ಮೇಲೆ ಕೂಡ್ರಿಸಿ, ಚಹಾ ಕೊಟ್ಟು, ಪಾವತಿ ಹರಿಸಿಕೊಳ್ಳಲಿ.